ಕಡಲಕಳೆ, ತಾರ್ಲೆ, ತಿಸ್ರ್ಯೊ: ಗೋವಾ ಕನ್ನಡಿಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆಯವಳು. ಗೋವಾದ ವಾಸ್ಕೋಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಸಮುದ್ರ, ಮೀನು ಅಂದರೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು. ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ "ಕಡಲಕಳೆಯೇ ಮುಂದಿನ ಊಟ" ಅನ್ನುವ ವಿಡಿಯೊ ಬಂದಾಗಲೆಲ್ಲ ನನಗೆ ಫೋನ್ ಬರುತ್ತದೆ. ಬಾಗಲಕೋಟೆಯವರು, ವಿಜಯಪುರದವರು, ಕಾರವಾರದವರು ಎಲ್ಲರದ್ದೂ ಹೆಚ್ಚು ಕಡಿಮೆ ಅದೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ಗಂಟಲು ಉಳಿಯುತ್ತದೆ ಅಂತ ಇಲ್ಲಿ ಬರೆದಿದ್ದೇನೆ.

ಕಡಲಕಳೆ ಅಂದರೆ ಗಿಡವಾ, ಪಾಚಿಯಾ?

ಪಾಚಿ. ಆದರೆ ಬಾವಿ ಕಟ್ಟೆಯ ಮೇಲೆ ಜಾರುವ ಪಾಚಿಯಲ್ಲ, ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಇದಕ್ಕೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬುಡದಲ್ಲಿ ಅಂಟಿನಂಥ ಒಂದು ಹಿಡಿತ ಇರುತ್ತದೆ, ಅದರಿಂದ ಬಂಡೆಗೆ ಕಚ್ಚಿಕೊಳ್ಳುತ್ತದೆ. ಊಟವನ್ನು ನೀರಿನಿಂದಲೇ ಮೈಯೆಲ್ಲ ಹೀರಿಕೊಳ್ಳುತ್ತದೆ. ಹಸಿರು, ಕೆಂಪು, ಕಂದು ಅಂತ ಮೂರು ಗುಂಪು.

ನೋಡಬೇಕು ಅಂದರೆ ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನವೆಂಬರ್‌ನಿಂದ ಮಾರ್ಚ್ ಒಳಗೆ, ಇಳಿತದ ಹೊತ್ತಿಗೆ ಅಂಜುನಾದ ಕಲ್ಲುಬಂಡೆಗಳ ಕಡೆ ಹೋಗಿ. ತೆಳ್ಳಗೆ, ಹಸಿರು ಪ್ಲಾಸ್ಟಿಕ್ ಹಾಳೆಯ ಹಾಗೆ ಕಾಣುವುದು ಉಲ್ವಾ. ಕಂದು ಬಣ್ಣದಲ್ಲಿ, ಮೆಣಸಿನ ಕಾಳಿನಷ್ಟು ಗುಳ್ಳೆ ಕಟ್ಟಿಕೊಂಡು ತೊನೆಯುವುದು ಸರ್ಗಾಸಮ್. ಗುಳ್ಳೆಯೊಳಗೆ ಗಾಳಿ ಇರುತ್ತದೆ, ಅದರಿಂದಲೇ ಟೊಂಗೆ ಮೇಲಕ್ಕೆ ನಿಲ್ಲುವುದು. ಮಕ್ಕಳಿಗೆ ಕೊಟ್ಟರೆ ಪಟಪಟ ಒಡೆಯುತ್ತಾ ಕೂರುತ್ತಾರೆ.

"ಕಳೆ" ಅನ್ನುವ ಹೆಸರೇ ಇದಕ್ಕೆ ಅನ್ಯಾಯ ಅಂತ ನನ್ನ ಅನಿಸಿಕೆ. ಮೀನಿನ ಮರಿಗಳಿಗೆ ಇದು ತೊಟ್ಟಿಲು.

ನಾನು ಹುಟ್ಟಾ ಸಸ್ಯಾಹಾರಿ. ನನಗೂ ಇದಕ್ಕೂ ಏನು ಸಂಬಂಧ?

ಇವತ್ತು ಬೆಳಿಗ್ಗೆಯೇ ಬಾಯಿಗೆ ಹಾಕಿಕೊಂಡಿರಬಹುದು! ಎಷ್ಟೋ ಟೂತ್‌ಪೇಸ್ಟ್‌ಗಳಲ್ಲಿ ಕ್ಯಾರಜೀನನ್ ಇರುತ್ತದೆ. ಅದು ಕೆಂಪು ಕಡಲಕಳೆಯಿಂದ ತೆಗೆದ ಅಂಟು. ಫ್ರಿಜ್‌ನಲ್ಲಿ ಐಸ್‌ಕ್ರೀಂ ಡಬ್ಬಿ ಇದ್ದರೆ ತಿರುಗಿಸಿ ಸಣ್ಣ ಅಕ್ಷರ ಓದಿ. ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಅಲ್ಲಿ ಐಎನ್‌ಎಸ್ ಅನ್ನುವ ನಂಬರು ಇರುತ್ತದೆ. ಐಎನ್‌ಎಸ್ 407 ಅಂತಿದ್ದರೆ ಕ್ಯಾರಜೀನನ್, 406 ಅಂತಿದ್ದರೆ ಅಗರ್, 401 ಅಂತಿದ್ದರೆ ಕಂದು ಕಳೆಯ ಆಲ್ಜಿನೇಟ್. ಮೂರಕ್ಕೂ ಹಸಿರು ಚುಕ್ಕೆಯೇ. ಪ್ರಾಣಿಯ ಸಂಬಂಧ ಏನೂ ಇಲ್ಲ.

ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಇದೆಯಲ್ಲ, ಅದೂ ಇದೇ ಅಗರ್. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹೆಂಗಸರು ಮುಳುಗು ಹಾಕಿ ಬಂಡೆಯಿಂದ ಕಿತ್ತು ತರುವ ಕೆಂಪು ಕಳೆಯಿಂದ ನಮ್ಮ ದೇಶದಲ್ಲೂ ಅಗರ್ ತಯಾರಾಗುತ್ತದೆ. ಇನ್ನು ನೀರಿನ ಬೆಳೆ ಅಂದರೆ ಕಡಲೇ ಆಗಬೇಕಿಲ್ಲ. ಉಪವಾಸದ ದಿನ ಶಿಂಗಾಡೆ ಹಿಟ್ಟಿನ ಥಾಲಿಪೀಠ ಮಾಡುವವರು ತಿನ್ನುವುದು ಕೆರೆಯ ಬೆಳೆಯನ್ನು. ಮಖಾನವೂ ಕೆರೆಯದ್ದೇ. ಮಡಿಯಲ್ಲೇ ಜಲಾಹಾರ ನಡೆದಿದೆ, ಯಾರೂ ಹೆಸರಿಟ್ಟು ಕರೆದಿಲ್ಲ ಅಷ್ಟೆ.

ಚೈನಾ ಗ್ರಾಸ್ ಪ್ರತಿ ಸಲ ಗಂಟುಗಂಟಾಗುತ್ತದೆ. ಏನು ಮಾಡಲಿ?

ಇದು ಈ ಪುಟದ ವಿಷಯ ಅಲ್ಲ, ಆದರೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಹಾಲಿಗೆ ನೇರವಾಗಿ ಹಾಕಬೇಡಿ. ಎಳೆಗಳನ್ನು ಕತ್ತರಿಸಿ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ. ಅದೇ ನೀರಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ, ಒಂದು ಎಳೆಯೂ ಕಾಣದ ಹಾಗೆ ಕರಗಬೇಕು. ಅಗರ್ ಕರಗುವುದು ಸುಮಾರು 85 ಡಿಗ್ರಿಯಲ್ಲಿ, ಅವಸರ ಮಾಡಿದರೆ ಕೆಲಸ ಕೆಟ್ಟಿತು. ಪಕ್ಕದ ಒಲೆಯಲ್ಲಿ ಹಾಲು, ಸಕ್ಕರೆ ಬಿಸಿಯಾಗಿಯೇ ಇರಲಿ. ಕರಗಿದ್ದನ್ನು ಸೋಸಿ ಬಿಸಿ ಹಾಲಿಗೆ ಹಾಕಿ. ತಣ್ಣಗಿನ ಹಾಲಿಗೆ ಹಾಕಿದಿರೋ, ಅಲ್ಲೇ ಗಂಟು. 10 ಗ್ರಾಂ ಪೊಟ್ಟಣಕ್ಕೆ ಮುಕ್ಕಾಲು ಲೀಟರ್ ಹಾಲು ಸಾಕು. ಒಮ್ಮೆ ಗಟ್ಟಿಯಾದರೆ ಏಪ್ರಿಲ್ ಸೆಖೆಗೂ ಕರಗುವುದಿಲ್ಲ. ವಾಸ್ಕೋದಲ್ಲಿ ಕರೆಂಟ್ ಹೋದರೂ ಪುಡ್ಡಿಂಗ್ ನಿಂತೇ ಇರುತ್ತದೆ.

ಹಾಗಾದರೆ ಬೇಳೆ ಬಿಟ್ಟು ಕಡಲಕಳೆ ತಿನ್ನಬಹುದಾ? ಪ್ರೋಟೀನ್ ಜಾಸ್ತಿ ಅಂತೆ.

ಬೇಡ. ವಿಡಿಯೊಗಳು ಜಾರುವುದು ಇಲ್ಲೇ. ಹಾಳೆಯ ಹಾಗೆ ಒಣಗಿಸಿ ಮಾರುವ ಜಪಾನಿನ ಕೆಂಪು ಕಳೆ ನೋರಿಯಲ್ಲಿ ಮೂರನೇ ಒಂದು ಭಾಗಕ್ಕೂ ಮೇಲೆ ಪ್ರೋಟೀನ್ ಇರಬಹುದು, ನಿಜ. ಆದರೆ ಒಂದು ಹಾಳೆಯ ತೂಕ ಹೆಚ್ಚೆಂದರೆ 3 ಗ್ರಾಂ. ಅಂದರೆ ಒಂದು ಹಾಳೆ ತಿಂದರೆ ಸಿಗುವುದು ಸುಮಾರು 1 ಗ್ರಾಂ ಪ್ರೋಟೀನ್. ಒಂದು ಬಟ್ಟಲು ತೊಗರಿಬೇಳೆಗೆ ಸಮ ಮಾಡಲು ಆರೇಳು ಹಾಳೆ ಬೇಕು. ಜೇಬಿಗೂ ಕಷ್ಟ, ನಾಲಿಗೆಗೂ ಕಷ್ಟ.

ಅಯೋಡಿನ್ ಇನ್ನೊಂದು ತಕರಾರು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ. ಕೊಂಬು ಅನ್ನುವ ಕಂದು ಕಳೆಯ ಒಂದೇ ಗ್ರಾಂನಲ್ಲಿ ಸಾವಿರಕ್ಕೂ ಮೇಲೆ ಇರಬಹುದು. ಉಪ್ಪಿನಲ್ಲಿ ನಮಗೆ ಅಯೋಡಿನ್ ಹೇಗೂ ಸಿಗುತ್ತಿದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಕೆಲ್ಪ್ (ಕೊಂಬುವಿನಂಥ ದೊಡ್ಡ ಕಂದು ಕಳೆ) ಪುಡಿ, ಕೆಲ್ಪ್ ಮಾತ್ರೆ ಮುಟ್ಟಬೇಡಿ. ಹಿಜಿಕಿ ಅನ್ನುವ ಕಪ್ಪು ಕಳೆಯಲ್ಲಿ ಆರ್ಸೆನಿಕ್ ಜಾಸ್ತಿ. ಬ್ರಿಟನ್ನಿನ ಆಹಾರ ಇಲಾಖೆಯೇ ಅದನ್ನು ತಿನ್ನಬೇಡಿ ಅಂದಿದೆ.

ಬಿ12 ಸಿಗುತ್ತದೆ ಅಂತ ಸ್ಪಿರುಲಿನಾ ಅನ್ನುವ ನೀಲಿ-ಹಸಿರು ಪಾಚಿಯ ಗುಳಿಗೆ ನುಂಗುವವರಿಗೂ ಒಂದು ಮಾತು. ಅದರಲ್ಲಿ ಇರುವುದು ಬಹುಪಾಲು ಬಿ12 ಥರ ಕಾಣುವ, ನಮ್ಮ ದೇಹಕ್ಕೆ ಉಪಯೋಗವಾಗದ ವಸ್ತು. ಆದರೆ ಒಮೇಗಾ-3 ವಿಷಯ ಬೇರೆ. ಮೀನಿನ ಎಣ್ಣೆಯ ಒಮೇಗಾ-3 ಮೂಲದಲ್ಲಿ ಮೀನಿನದ್ದಲ್ಲ, ಮೀನು ತಿಂದ ಸೂಕ್ಷ್ಮ ಪಾಚಿಯದ್ದು. ಆ ಪಾಚಿಯಿಂದಲೇ ನೇರವಾಗಿ ತೆಗೆದ ಎಣ್ಣೆಯ ಗುಳಿಗೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಅದು ನಿಜವಾಗಿಯೂ ಒಳ್ಳೆಯ ದಾರಿ.

ನೋರಿ ಪೊಟ್ಟಣದ ಹಿಂದೆ "ಏಡಿ, ಸಿಗಡಿ ಅಂಶ ಇರಬಹುದು" ಅಂತ ಬರೆದಿದ್ದರೆ ಗಾಬರಿಯಾಗಬೇಡಿ, ಆದರೆ ಅಲರ್ಜಿ ಇದ್ದವರು ಓದಿಕೊಳ್ಳಿ. ಕಳೆಯ ಮಧ್ಯೆ ಸಣ್ಣ ಜೀವಿಗಳು ಸಿಕ್ಕಿಕೊಂಡಿರುತ್ತವೆ.

ಬಂಡೆಯಿಂದ ಕಿತ್ತು ತಂದು ಮನೆಯಲ್ಲಿ ಮಾಡಬಹುದಾ?

ನಾನು ಮಾಡಿದ್ದೇನೆ. ಒಂದು ಡಿಸೆಂಬರ್‌ನಲ್ಲಿ ಒಂದು ಚೀಲ ಉಲ್ವಾ ತಂದು ಏಳು ನೀರಲ್ಲಿ ತೊಳೆದು, ಕಡಲೆಹಿಟ್ಟಿಗೆ ಅದ್ದಿ ಬಜ್ಜಿ ಕರಿದೆ. ಘಮ ಚೆನ್ನಾಗಿತ್ತು. ಕಚ್ಚಿದರೆ ಮರಳು ಕಟಕಟ! ಮಗ ತಟ್ಟೆ ಸರಿಸಿ "ಅಮ್ಮಾ, ಬೀಚನ್ನೇ ಕರಿದಿದ್ದೀಯಾ?" ಅಂದ.

ಮರಳು ಬಿಡಿ, ಹಲ್ಲು ಸವೆಯುತ್ತದೆ ಅಷ್ಟೆ. ಹೆದರಬೇಕಾದ್ದು ಚರಂಡಿಗೆ. ಕಳೆ ನೀರಲ್ಲಿರುವ ಲೋಹಗಳನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ. ಬಂದರು, ಹೊಳೆಬಾಯಿ, ಹೋಟೆಲುಗಳ ಕೊಳಚೆ ಸೇರುವ ಜಾಗದಿಂದ ತರಲೇಬೇಡಿ. ನೋಡಿ ಖುಷಿಪಡಿ, ಸಾಕು.

ಜಪಾನಿನವರು ನೂರಾರು ವರ್ಷದಿಂದ ತಿನ್ನುತ್ತಿದ್ದಾರಲ್ಲ?

ತಿನ್ನುತ್ತಿದ್ದಾರೆ, ಆದರೆ ಅದು ಬೆಳೆಯುವುದು ಹೇಗೆ ಅಂತ ಬಹಳ ಕಾಲ ಅವರಿಗೇ ಗೊತ್ತಿರಲಿಲ್ಲ. ಬೇಸಿಗೆ ಬಂದರೆ ನೋರಿ ಮಾಯ. ಎಲ್ಲಿ ಹೋಗುತ್ತದೆ, ಯಾರಿಗೂ ತಿಳಿಯದು. 1949ರಲ್ಲಿ ಕ್ಯಾಥ್ಲೀನ್ ಡ್ರೂ ಬೇಕರ್ ಅನ್ನುವ ಇಂಗ್ಲೆಂಡಿನ ಹೆಂಗಸು ಗುಟ್ಟು ಬಿಡಿಸಿದರು. ನೋರಿ ಬೇಸಿಗೆಯನ್ನು ಚಿಪ್ಪಿನೊಳಗೆ ಗುಲಾಬಿ ಬಣ್ಣದ ಎಳೆಯಾಗಿ ಕಳೆಯುತ್ತದೆ. ಚಿಪ್ಪು ಕೊರೆಯುವ ಬೇರೆಯೇ ಪಾಚಿ ಅಂತ ತಿಳಿದಿದ್ದದ್ದು ಇದೇ ನೋರಿಯ ಇನ್ನೊಂದು ಅವತಾರ. ಆಮೇಲೆ ಜಪಾನಿನವರು ಚಿಪ್ಪಿನಲ್ಲಿ ಬೀಜಾಣು ಕಟ್ಟಿಸಿ, ಬಲೆಗೆ ಹತ್ತಿಸಿ, ನೆಮ್ಮದಿಯಾಗಿ ಬೆಳೆಯತೊಡಗಿದರು. ಆ ಹೆಂಗಸು ಜಪಾನನ್ನು ಕಣ್ಣಿಂದ ನೋಡಿರಲಿಲ್ಲ. ಆದರೂ ಕುಮಾಮೋಟೊ ಪ್ರಾಂತದ ಉಟೊದಲ್ಲಿ ಅವರಿಗೆ ಸ್ಮಾರಕ ಕಟ್ಟಿದ್ದಾರೆ, "ಕಡಲ ತಾಯಿ" ಅಂತ ಕರೆಯುತ್ತಾರೆ.

ನೋರಿಯ ಬಂಧುವೊಂದು, ಪೋರ್ಫೈರಾ, ಗೋವಾದ ಬಂಡೆಗಳ ಮೇಲೂ ಮಳೆಗಾಲದಲ್ಲಿ ಬೆಳೆಯುತ್ತದೆ. ಅಲೆಯ ಹೊಡೆತ ನೋಡಿದರೆ ಕೀಳಲು ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ, ಒಳ್ಳೆಯದೇ ಆಯಿತು.

ಕಡಲಕಳೆ ಇಂಗಾಲ ಹೀರಿ ಭೂಮಿಯನ್ನು ತಂಪು ಮಾಡುತ್ತದೆ ಅಂತಾರಲ್ಲ, ನಿಜವಾ?

ಹೀರುತ್ತದೆ. ಆದರೆ ಹೀರುವುದೇ ಬೇರೆ, ಇಟ್ಟುಕೊಳ್ಳುವುದೇ ಬೇರೆ.

ಒಂದು ಲೆಕ್ಕ ಹಾಕೋಣ. ಹತ್ತು ಕಿಲೋ ಹಸಿ ಕಳೆ ಒಣಗಿಸಿದರೆ ಒಂದು ಕಿಲೋ. ಅದರಲ್ಲಿ ಇಂಗಾಲ ಮುನ್ನೂರು ಗ್ರಾಂ ಆಸುಪಾಸು. ಅಂದರೆ ಗಾಳಿಯಿಂದ ತೆಗೆದ ಇಂಗಾಲದ ಡೈ ಆಕ್ಸೈಡ್ ಹೆಚ್ಚು ಕಡಿಮೆ ಒಂದು ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಗೆ ಬರುವುದು 2.3 ಕಿಲೋ. ವಾಸ್ಕೋದಿಂದ ಪಣಜಿಗೆ ಸ್ಕೂಟರಲ್ಲಿ ಹೋಗಿ ಬರಲು ಒಂದೂಕಾಲು ಲೀಟರ್ ಅಂದುಕೊಳ್ಳಿ. ಆ ಒಂದು ಸವಾರಿಯ ಹೊಗೆಗೆ ಇಪ್ಪತ್ತೈದು ಕಿಲೋಗೂ ಮೇಲೆ ಹಸಿ ಕಳೆ ಬೇಕು. ಅದನ್ನು ತಿನ್ನುವ ಹಾಗಿಲ್ಲ, ಗೊಬ್ಬರ ಮಾಡುವ ಹಾಗಿಲ್ಲ. ತಿಂದರೆ ನಮ್ಮ ಉಸಿರಲ್ಲೇ ವಾಪಸ್, ಕೊಳೆತರೆ ಗಾಳಿಗೆ ವಾಪಸ್. ಆಳ ಕಡಲಿನ ತಳಕ್ಕೆ ಹೋಗಿ ನೂರಾರು ವರ್ಷ ಅಲ್ಲೇ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕಾಡು ಕಳೆಯ ಸ್ವಲ್ಪ ಭಾಗ ತಾನಾಗಿ ತಳ ಸೇರುತ್ತದೆ ಅನ್ನುವುದನ್ನು ವಿಜ್ಞಾನಿಗಳು ಒಪ್ಪುತ್ತಾರೆ. ಎಷ್ಟು ಅನ್ನುವುದರಲ್ಲೇ ಜಗಳ. ಬೇಕಂತಲೇ ಬೆಳೆದು ಮುಳುಗಿಸಿ, ಅದರ ಹೆಸರಲ್ಲಿ ಕಾರ್ಬನ್ ಕ್ರೆಡಿಟ್ (ಇಷ್ಟು ಇಂಗಾಲ ತಡೆದೆವು ಅನ್ನುವ ಪತ್ರ) ಮಾರುವ ಯೋಜನೆಗಳನ್ನು ನಾನಂತೂ ನಂಬುವುದಿಲ್ಲ. ತಳದಲ್ಲಿ ಅಷ್ಟೊಂದು ಕೊಳೆತರೆ ಅಲ್ಲಿನ ಆಮ್ಲಜನಕದ ಗತಿ ಏನು? ಕೊಳೆತರೆ ಏನಾಗುತ್ತದೆ ಅಂತ ಕೆರಿಬಿಯನ್ ದ್ವೀಪದವರನ್ನು ಕೇಳಬೇಕು. 2011ರಿಂದ ಅಲ್ಲಿ ತೇಲಿ ಬರುವ ಸರ್ಗಾಸಮ್ ಬೀಚಿನ ಮೇಲೆ ರಾಶಿ ಬಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ.

ಹಾಗಂತ ಪ್ರಯೋಜನ ಇಲ್ಲ ಅಂತಲ್ಲ. ಬೆಳೆಯಲು ಸಿಹಿನೀರು ಬೇಡ, ಗೊಬ್ಬರ ಬೇಡ, ಹೊಲ ಬೇಡ. ಬೇರೆ ಯಾವ ಬೆಳೆಗೆ ಹೀಗೆ ಹೇಳಬಹುದು? ಅದರ ಲಾಭ ಇರುವುದು ಅಲ್ಲಿ.

ಕಡಲಕಳೆಯನ್ನು ಹಸುವಿಗೆ ತಿನ್ನಿಸಿದರೆ ಭೂಮಿ ಬಿಸಿ ಮಾಡುವ ಮೀಥೇನ್ ಅನಿಲ ಕಡಿಮೆಯಾಗುತ್ತದಂತೆ?

ಆಸ್ಪರಗಾಪ್ಸಿಸ್ ಅನ್ನುವ ಕೆಂಪು ಕಳೆ. ಅದರಲ್ಲಿರುವ ಬ್ರೋಮೋಫಾರ್ಮ್ ಹಸುವಿನ ಹೊಟ್ಟೆಯ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ. ಮೇವಿನಲ್ಲಿ ಶೇಕಡಾ ಅರ್ಧದಷ್ಟು ಬೆರೆಸಿದಾಗ, ದೊಡ್ಡಿಯಲ್ಲಿ ಕಟ್ಟಿ ಸಾಕಿದ ದನಗಳಲ್ಲಿ ಮೀಥೇನ್ ಶೇ. 80ರವರೆಗೂ ಇಳಿದದ್ದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿದೆ. ಆದರೆ ಪ್ರತಿ ದಿನ, ಅಳತೆ ಮಾಡಿ ಕೊಡಬೇಕು. ನಮ್ಮಲ್ಲಿ 2019ರ ಗಣತಿಯ ಪ್ರಕಾರ 19 ಕೋಟಿ ದನ, 11 ಕೋಟಿ ಎಮ್ಮೆ. ಬಹುಪಾಲು ಮನೆಮನೆಗೆ ಒಂದೆರಡು, ಬಯಲಲ್ಲಿ ಮೇಯುವವು. ರಸ್ತೆ ಮಧ್ಯೆ ಮಲಗಿರುವ ಹಸುವಿಗೆ ಯಾರು ಅಳೆದು ಕೊಡುತ್ತಾರೆ?

ಗೋವಾದಲ್ಲಿ ಕಡಲಕಳೆ ಬೇಸಾಯಕ್ಕೆ ದುಡ್ಡು ಹಾಕಿ ಅಂತ ಒಬ್ಬರು ಬಂದಿದ್ದಾರೆ. ಹಾಕಲಾ?

ಮೊದಲು ಅವರನ್ನು ಒಂದೇ ಪ್ರಶ್ನೆ ಕೇಳಿ: "ಜೂನ್‌ನಲ್ಲಿ ಏನು ಮಾಡ್ತೀರಿ?"

ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವುದು ಕಪ್ಪಾಫೈಕಸ್, ಫಿಲಿಪೀನ್ಸ್ ಕಡೆಯ ತಳಿ. ತಮಿಳುನಾಡಿನ ರಾಮನಾಥಪುರದ ಮಂಡಪಂ ಸುತ್ತ ಹೆಂಗಸರ ಸಂಘಗಳು ಹನ್ನೆರಡು ಅಡಿ ಚೌಕದ ಬಿದಿರು ತೆಪ್ಪ ಕಟ್ಟಿ, ಹಗ್ಗಕ್ಕೆ ಸುಮಾರು 60 ಕಿಲೋ ತುಂಡು ಕಟ್ಟಿ ಬಿಡುತ್ತಾರೆ. 45 ದಿನಕ್ಕೆ ನಾಲ್ಕು ಪಟ್ಟು. ಮುಂದಿನ ಬಿತ್ತನೆಗೆ ತುಂಡು ಎತ್ತಿಟ್ಟು ಉಳಿದದ್ದನ್ನು ಒಣಗಿಸಿದರೆ ಒಂದು ತೆಪ್ಪಕ್ಕೆ ಇಪ್ಪತ್ತು ಕಿಲೋ ಹತ್ತಿರ. ಓದಲು ಸುಲಭ. ಎದೆಮಟ್ಟ ನೀರಲ್ಲಿ ನಿಂತು ಗಂಟು ಹಾಕಿದವರಿಗೇ ಗೊತ್ತು ಬೆರಳಿನ ಗತಿ.

ಅದು ಪೂರ್ವ ಕರಾವಳಿ, ದ್ವೀಪಗಳ ಮರೆ ಇರುವ ಶಾಂತ ನೀರು. ನಮ್ಮದು ಪಶ್ಚಿಮ. ಮುಂಗಾರಿನ ಅಲೆಗೆ ತೆಪ್ಪ ನಿಲ್ಲುವುದಿಲ್ಲ. ನಿಂತರೂ ಮಾಂಡೋವಿ, ಜುವಾರಿ ಹೊಳೆಗಳು ತುಂಬಿ ಬಂದು ಕಡಲಿನ ಉಪ್ಪು ತಗ್ಗುತ್ತದೆ, ಕಳೆ ಬೆಳ್ಳಗಾಗಿ ಸಾಯುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಮಾತ್ರ ಬೆಳೆ, ಮತ್ತೆ ಬಿತ್ತನೆ ತುಂಡು ಹೊರಗಿನಿಂದ ತರಬೇಕು. ಇನ್ನೊಂದು, ಈ ತಳಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ತೆಪ್ಪದಿಂದ ತಪ್ಪಿಸಿಕೊಂಡು ಹವಳದ ಮೇಲೆ ಹಬ್ಬಿದ್ದು 2008ರಲ್ಲೇ ವರದಿಯಾಗಿದೆ.

2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆಗೆ 640 ಕೋಟಿ ರೂಪಾಯಿ ಇಟ್ಟಿದ್ದರು, ಐದು ವರ್ಷದಲ್ಲಿ 11.2 ಲಕ್ಷ ಟನ್ ಗುರಿ. ಬೆಳೆ ಗುರಿಯ ಹತ್ತಿರವೂ ಹೋಗಲಿಲ್ಲ. ಪಣಜಿ ಹತ್ತಿರದ ದೊನಾ ಪಾವ್ಲಾದಲ್ಲಿ 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ಕಾರವಾರದಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ. ಚೆಕ್ ಬರೆಯುವ ಮೊದಲು ಅಲ್ಲಿಗೆ ಒಂದು ಸಲ ಹೋಗಿ ಬನ್ನಿ.

ಊರಲ್ಲಿ ಹೊಲ ಇದೆ. ಕಡಲಕಳೆ ಗೊಬ್ಬರ ಹೊಡೆಯಬಹುದಾ?

ಹೊಡೆಯಿರಿ, ಆದರೆ ಅದು ಗೊಬ್ಬರ ಅಲ್ಲ, ಟಾನಿಕ್ ಥರ. ಯೂರಿಯಾ, ಡಿಎಪಿ ಕೊಡುವ ಸಾರ ಅದರಲ್ಲಿಲ್ಲ. 2021ರಿಂದ ಇಂಥವನ್ನು ರಸಗೊಬ್ಬರ ನಿಯಂತ್ರಣ ಆದೇಶದ ಹಿಡಿತಕ್ಕೆ ತಂದಿದ್ದಾರೆ, ಲೇಬಲ್ ನೋಡಿ ತಗೊಳ್ಳಿ. ಮೊದಲು ಎರಡು ಸಾಲಿಗೆ ಮಾತ್ರ ಹೊಡೆದು ನೋಡಿ.

ಮೀನು ತಿನ್ನುವುದು ಹವಾಮಾನಕ್ಕೆ ಒಳ್ಳೆಯದಾ, ಕೆಟ್ಟದ್ದಾ?

ಯಾವ ಮೀನು ಅಂತ ಕೇಳಿ. ನನ್ನ ಮಟ್ಟಿಗೆ ಈ ಪುಟದಲ್ಲಿ ಮುಖ್ಯ ಪ್ರಶ್ನೆ ಇದೇ. ಕಡಲಕಳೆಯ ಗದ್ದಲದಲ್ಲಿ ಬುಟ್ಟಿಯಲ್ಲಿರುವ ತಾರ್ಲೆಯನ್ನು ಮರೆಯುತ್ತಿದ್ದೇವೆ.

ತಾರ್ಲೆ ಅಂದರೆ ನಮ್ಮ ಮಂಗಳೂರಿನವರ ಬೂತಾಯಿ. ಪಾಚಿ ತಿಂದು ಬೆಳೆಯುವ, ದಡದ ಹತ್ತಿರವೇ ಗುಂಪಾಗಿ ಬರುವ ಮೀನು. ಹಿಡಿಯಲು ಡೀಸೆಲ್ ಕಮ್ಮಿ. ಇಸ್ವಣ, ಅಂದರೆ ಅಂಜಲ್, ಇಂಥ ಸಣ್ಣ ಮೀನನ್ನು ಕಿಲೋಗಟ್ಟಲೆ ತಿಂದು ಒಂದು ಕಿಲೋ ಬೆಳೆಯುತ್ತದೆ. ಕೆರೆಯಲ್ಲಿ ಸಾಕಿದ ಸಿಗಡಿಗೂ ಮೀನಿನ ಪುಡಿಯೇ ಮೇವು. ಚಿಪ್ಪಿನವುಗಳಿಗಂತೂ ಮೇವೇ ಹಾಕಬೇಕಿಲ್ಲ, ನೀರು ಸೋಸಿಕೊಂಡು ಬದುಕುತ್ತವೆ. 2021ರಲ್ಲಿ ವಿಜ್ಞಾನಿಗಳು ಜಲಾಹಾರಗಳನ್ನೆಲ್ಲ ಹೋಲಿಸಿ ನೋಡಿದಾಗ ಪರಿಸರಕ್ಕೆ ಅತಿ ಕಡಿಮೆ ಹೊರೆ ಅಂತ ಬಂದದ್ದು ಸಾಕಿದ ಚಿಪ್ಪುಜೀವಿ ಮತ್ತು ಕಡಲಕಳೆ. ಸಣ್ಣ ಮೀನುಗಳೂ ಹಿಂದೆ ಬೀಳಲಿಲ್ಲ.

ಪೌಷ್ಟಿಕತೆ ಬೇರೆ ಇದೆ. 2021ರ ವಿಶ್ವ ಆಹಾರ ಪ್ರಶಸ್ತಿ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ ಬಂತು. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಭಾರತ ಮೂಲದವರು. ಬಾಂಗ್ಲಾದೇಶದಲ್ಲಿ ಜನ ಕಡೆಗಣಿಸಿದ್ದ ಮೊಲಾ ಅನ್ನುವ ಬೆರಳುದ್ದದ ಮೀನಿನಲ್ಲಿ ವಿಟಮಿನ್ ಎ, ಕಬ್ಬಿಣ, ಸುಣ್ಣದಂಶ ಎಷ್ಟಿದೆ ಅಂತ ತೋರಿಸಿ, ಮನೆ ಹಿಂದಿನ ಹೊಂಡದಲ್ಲಿ ದೊಡ್ಡ ಮೀನಿನ ಜೊತೆಗೇ ಅದನ್ನೂ ಸಾಕಿಸಿದರು. ತಲೆ, ಮುಳ್ಳು ಸಮೇತ ತಿನ್ನಬೇಕು, ಸತ್ವ ಇರುವುದೇ ಅಲ್ಲಿ. ನಮ್ಮಲ್ಲಿ ಒಣ ಸಿಗಡಿ ಚಟ್ನಿ ಮಾಡುವವರು ಇದನ್ನೇ ಮಾಡುತ್ತಿದ್ದಾರೆ. ಕಾಯಿ ಬೆಲೆ ಏರಿದರೂ ಒಂದು ಚಮಚ ಒಣ ಸಿಗಡಿ ಒಂದು ತಟ್ಟೆ ಗಂಜಿಗೆ ಸಾಕು. ಕೂಲಿಗೆ ಹೋಗುವ ನಮ್ಮವರ ಮನೆ ಮಕ್ಕಳಿಗೆ ನಾನು ಹೇಳುವ ಮೊದಲ ಮದ್ದು ಇದು.

ಲೋಕದ ಲೆಕ್ಕ ಬೇಕಿದ್ದರೆ: 2022ರಲ್ಲಿ ಮೊದಲ ಸಲ ಹಿಡಿದ ಮೀನಿಗಿಂತ ಸಾಕಿದ್ದು ಹೆಚ್ಚಾಯಿತು, 9.1 ಕೋಟಿ ಟನ್‌ಗೆ ಎದುರು 9.4 ಕೋಟಿ ಟನ್. ನಮ್ಮ ದೇಶದ ಮೀನಿನಲ್ಲೂ ಸುಮಾರು ಮುಕ್ಕಾಲು ಪಾಲು ಈಗ ಕೆರೆ, ಹೊಳೆ, ಹೊಂಡದ್ದು.

ಆದರೆ ತಾರ್ಲೆ ಒಮ್ಮೊಮ್ಮೆ ಸಿಗುವುದೇ ಇಲ್ಲವಲ್ಲ?

ಸಿಗುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ 3,297 ಟನ್. ಆಮೇಲೆ ಮತ್ತೆ ಚೇತರಿಸಿತು. ನೀರು ಬಿಸಿಯಾದರೆ, ಪೆಸಿಫಿಕ್ ಕಡಲು ಕಾಯುವ ಎಲ್ ನಿನೊ ಬಂದರೆ ಈ ಮೀನು ದಿಕ್ಕು ತಪ್ಪುತ್ತದೆ. ಅದರ ಮೇಲೆ ಮರಿ ಮೀನನ್ನೂ ಬಾಚಿ ಪುಡಿ ಕಾರ್ಖಾನೆಗೆ ಕಳಿಸುತ್ತೇವೆ. ಜೂನ್, ಜುಲೈ ಎರಡು ತಿಂಗಳು ಟ್ರಾಲರ್ ನಿಲ್ಲಿಸುವುದು ಅದಕ್ಕೇ. ಆಗ ಒಣ ಮೀನು ತಿನ್ನಿ. ನನಗೆ ಖಾಯಂ ಮೀನು ಕೊಡುವ ಹೆಂಗಸು ಬೆರಳಿನಷ್ಟು ಬಂಗಡೆ ಇಟ್ಟಾಗ ನಾನು ತಗೊಳ್ಳುವುದಿಲ್ಲ. ಮೊದಮೊದಲು ಮುಖ ಗಂಟು ಹಾಕುತ್ತಿದ್ದಳು, ಈಗ ನನಗೆ ತೋರಿಸುವುದೇ ಇಲ್ಲ.

ತಿಸ್ರ್ಯೊ ತಿನ್ನಬಹುದಾ?

ನಮ್ಮ ಕಡೆಯ ಬಳಚು, ಎರಡು ಚಿಪ್ಪಿನ ಜೀವಿ. ತಿನ್ನಬಹುದು. ನೀರು ಸೋಸುವ ಜೀವಿ ಅನ್ನುವುದು ಮಾತ್ರ ನೆನಪಿರಲಿ, ಕೊಳಚೆ ಇದ್ದರೆ ಅದನ್ನೂ ಸೋಸಿ ಇಟ್ಟುಕೊಂಡಿರುತ್ತದೆ. ಎಲ್ಲಿಂದ ತಂದದ್ದು ಅಂತ ಕೇಳಿ. ಉಪ್ಪುನೀರಲ್ಲಿ ಕೆಲವು ಗಂಟೆ ಬಿಡಿ, ಮರಳು ಉಗುಳುತ್ತದೆ. ಬೇಯಿಸುವ ಮೊದಲು ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದಿದ್ದರೆ ಬಿಸಾಡಿ. ಬೆಂದ ಮೇಲೂ ತೆರೆಯದಿದ್ದರೆ ಬಿಸಾಡಿ.

ಕಡಲು ಏರಿದರೆ ಗೋವಾದ ಗದ್ದೆಗಳ ಗತಿ?

ಇದಕ್ಕೆ ಉತ್ತರ ನಮ್ಮ ಹಿರಿಯರು ಕಟ್ಟಿಟ್ಟು ಹೋಗಿದ್ದಾರೆ. ಇಲ್ಲಿ ಖಾಜನ್ ಅನ್ನುತ್ತಾರೆ, ನಮ್ಮ ಅಘನಾಶಿನಿ ಹೊಳೆ ದಡದಲ್ಲಿ ಗಜನಿ. ಹೆಸರು ಹತ್ತಿರ ಹತ್ತಿರ, ಉಪಾಯ ಒಂದೇ. ಗೋವಾದಲ್ಲಿ ಇಂಥ ಭೂಮಿ ಸುಮಾರು 18 ಸಾವಿರ ಹೆಕ್ಟೇರ್.

ಹೊಳೆಯ ಉಪ್ಪುನೀರಿಗೆ ಮಣ್ಣು, ಕಲ್ಲಿನ ಒಡ್ಡು. ಒಡ್ಡಿನ ನಡುವೆ ಮರದ ಬಾಗಿಲು, ಇಲ್ಲಿಯವರ ಮಾತಲ್ಲಿ ಮಾನಸ್. ಉಬ್ಬರ ಬಂದಾಗ ಹೊಳೆಯ ನೀರೇ ಬಾಗಿಲನ್ನು ತಳ್ಳಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ತಳ್ಳಿ ತೆರೆಯುತ್ತದೆ. ಮೋಟಾರಿಲ್ಲ, ಕಾವಲುಗಾರನಿಲ್ಲ. ಒಳಗೆ ಮಳೆಗಾಲದಲ್ಲಿ ಉಪ್ಪು ತಡೆಯುವ ಭತ್ತ, ಇಲ್ಲಿ ಕೊರ್ಗುಟ್, ನಮ್ಮಲ್ಲಿ ಕಗ್ಗ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಹೊರಹೋಗುವ ನೀರಿನ ಜೊತೆ ಸಿಗಡಿ ತಾನಾಗಿ ಬಂದು ಬೀಳುತ್ತದೆ. ನಮ್ಮ ಅಜ್ಜ ರಾತ್ರಿ ಇಳಿತಕ್ಕೆ ಲಾಟೀನು ಹಿಡಿದು ಹೋಗುತ್ತಿದ್ದರು. ಬೆಳಕಿಗೆ ಬಲೆಯೊಳಗೆ ಸಿಗಡಿಯ ಕಣ್ಣು ಕೆಂಪಗೆ ಹೊಳೆಯುತ್ತಿತ್ತು, ಕೆಂಡದ ಚೂರು ಚೆಲ್ಲಿದ ಹಾಗೆ.

ಒಂದೇ ಭೂಮಿಯಲ್ಲಿ ಅಕ್ಕಿಯೂ ಮೀನೂ, ಜೊತೆಗೆ ಪ್ರವಾಹಕ್ಕೆ ತಡೆಯೂ. ಆದರೆ ಒಡ್ಡು ಒಡೆದರೆ ಮಣ್ಣು ಹಾಕಲು ಈಗ ಜನ ಇಲ್ಲ. ಒಂದು ಮಳೆಗಾಲ ಬಿಟ್ಟರೆ ಉಪ್ಪು ನುಗ್ಗಿ ಗದ್ದೆ ಹೋಯಿತು, ನಾಲ್ಕು ವರ್ಷಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎದ್ದಿತು. ಕಡಲಕಳೆಗೆ ಕೋಟಿ ಇಡುವವರು ಒಡ್ಡಿನ ಮಣ್ಣಿಗೆ ಸ್ವಲ್ಪ ಇಟ್ಟಿದ್ದರೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಮಕ್ಕಳಿಗೆ ಇದನ್ನೆಲ್ಲ ತೋರಿಸಬೇಕು. ಯಾವಾಗ, ಎಲ್ಲಿ ಹೋಗಲಿ?

ಬಂಡೆಗೆ ಹೋಗುವುದಾದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆಗ ನೀರು ಜಾಸ್ತಿ ಇಳಿಯುತ್ತದೆ. ಫೋನಿನಲ್ಲಿ ಇಳಿತದ ಹೊತ್ತು ನೋಡಿ, ಒಂದು ಗಂಟೆ ಮೊದಲೇ ತಲುಪಿ. ಹವಾಯಿ ಚಪ್ಪಲಿ ಬೇಡ, ಜಾರುತ್ತದೆ, ಹಳೆಯ ಶೂ ಇರಲಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ವಾಪಸ್ ಇಡಿ, ಅಡಿಯಲ್ಲಿ ಯಾರದೋ ಮನೆ ಇರುತ್ತದೆ. ನೀರು ತಿರುಗಿತು ಅಂದರೆ ಫೋಟೊ ಸಾಕು, ಎದ್ದು ಬನ್ನಿ.